ತೋಳು ಎಲ್ಲಿ? ಮಲ್ಲೇಶ್ವರಂ ಎಂಟನೇ ಕ್ರಾಸ್‌ನಲ್ಲಿ ನನ್ನ ಮೊದಲ ಬಟ್ಟೆ ಶಾಪಿಂಗ್

ಹಾಯ್ ಎಲ್ಲರಿಗೂ. ಬೆಳಗ್ಗೆ ಆರೂವರೆ, ತುಮಕೂರು ಬಸ್ ಸ್ಟ್ಯಾಂಡ್. ಕ್ಯಾಮೆರಾ ಅಲ್ಲಾಡುತ್ತಿದೆ ಅಂತ ಬೈಯಬೇಡಿ. ಹಿಡಿದಿರುವುದು ನಮ್ಮ ಚಿಕ್ಕಮ್ಮನ ಮಗಳು, ಅವಳಿಗಿನ್ನೂ ನಿದ್ದೆ ಬಿಟ್ಟಿಲ್ಲ.

ಇವತ್ತು ನಾನು ಅಂಗಡಿಗೇ ಹೋಗಿ, ನನಗೇ ಅಂತ ಹೇಳಿ, ಹೆಂಗಸರ ಬಟ್ಟೆ ತಗೊಳ್ಳುತ್ತೇನೆ. ಮೊದಲ ಸಲ. 29 ವರ್ಷಕ್ಕೆ. ಇಲ್ಲಿವರೆಗೆ ಎಲ್ಲ ಆನ್‌ಲೈನ್. ಡೆಲಿವರಿ ಹುಡುಗನ ಹತ್ತಿರ ‘ಅಮ್ಮಂದು’ ಅಂತ ಸುಳ್ಳು ಹೇಳಿ ತಗೊಂಡ ಎರಡು ನೈಟಿ, ಅಷ್ಟೇ ನನ್ನ ಆಸ್ತಿ. ಅಂದಹಾಗೆ ನೈಟಿಗೆ ಜೇಬು ಇರುತ್ತದೆ. ನೆನಪಿಟ್ಟುಕೊಳ್ಳಿ, ಆಮೇಲೆ ಆ ಜಗಳಕ್ಕೆ ಬರುತ್ತೇನೆ.

ತುಮಕೂರಲ್ಲಿ ಬಟ್ಟೆ ಅಂಗಡಿ ಇಲ್ವಾ ಅಂತ ಕೇಳುತ್ತೀರಿ. ಎಂ.ಜಿ. ರೋಡ್ ತುಂಬ ಇದೆ. ಆದರೆ ಅಲ್ಲಿ ಹತ್ತು ವರ್ಷ ಪ್ಯಾಂಟು ಶರ್ಟು ತಗೊಂಡಿದ್ದೇನೆ. ಎಲ್ಲರೂ ಹಳೆ ಹೆಸರು ಹಿಡಿದೇ ಕರೆಯುತ್ತಾರೆ, ಜೊತೆಗೆ ಅಪ್ಪ ಹೇಗಿದ್ದಾರೆ ಅಂತ ಬೇರೆ. ಬೆಂಗಳೂರಲ್ಲಿ ಯಾರಿಗೆ ಯಾರು?

ಇದು ಟಿಕೆಟ್, ಹತ್ತಿರದಿಂದ ನೋಡಿ. ಇವಳದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ನನ್ನದು ದುಡ್ಡು ಕೊಟ್ಟಿದ್ದು. 2023ರ ಜೂನ್ 11ಕ್ಕೆ ಇದು ಶುರುವಾದಾಗಲೇ ಲಿಂಗತ್ವ ಅಲ್ಪಸಂಖ್ಯಾತರಿಗೂ ಫ್ರೀ ಅಂತ ಸೇರಿಸಿದ್ದಾರೆ. ಆದರೆ ನನ್ನ ಆಧಾರ್‌ನಲ್ಲಿ ಇನ್ನೂ ಹಳೆ ಹೆಸರು, ಮೀಸೆ ಬಿಟ್ಟ ಫೋಟೋ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಕಚೇರಿಯ ಗುರುತಿನ ಚೀಟಿಗೆ ಅರ್ಜಿ ಹಾಕಿದ್ದೇನೆ, ಅದು ಬಂದ ಮೇಲೆ ಉಳಿದಿದ್ದೆಲ್ಲ. ಇಷ್ಟನ್ನೂ ಕಂಡಕ್ಟರ್‌ಗೆ ಬೆಳಗ್ಗೆ ಆರೂವರೆಗೆ ವಿವರಿಸುವ ಶಕ್ತಿ ನನಗಿರಲಿಲ್ಲ. ಯೋಜನೆ ಅಲ್ಲ, ನಿಜವಾದ ಶಕ್ತಿ.

ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ. ಒಳಗೆ ಶೂಟ್ ಮಾಡಬೇಡಿ ಅಂದರು, ಅದಕ್ಕೇ ಬರೀ ನನ್ನ ಚಪ್ಪಲಿ ಕಾಣುತ್ತಿದೆ. ತಪಾಸಣೆಗೆ ಎರಡು ಸಾಲು ಇರುತ್ತದಲ್ಲ. ಕಾಲು ತನ್ನಷ್ಟಕ್ಕೆ ತಾನೇ ಗಂಡಸರ ಸಾಲಿಗೆ ಹೋಯಿತು. ಇವಳು ಕೈ ಹಿಡಿದು ಈಚೆಗೆಳೆದಳು. ಪರದೆ ಹಿಂದಿನ ಮೇಡಂ ಆ ಕಪ್ಪು ಬ್ಯಾಟು ಎರಡು ಸಲ ಆಡಿಸಿ ‘ಹೋಗಿ’ ಅಂದರು. ಅಷ್ಟೇ. ರಾತ್ರಿಯೆಲ್ಲ ಕೂತು ಅದಕ್ಕೊಂದು ಭಾಷಣ ರೆಡಿ ಮಾಡಿದ್ದೆ, ದಂಡ.

ಎಂಟನೇ ಕ್ರಾಸ್. ಎಲ್ಲ ಶಟರ್ ಮುಚ್ಚಿದೆ. ಬಟ್ಟೆ ಅಂಗಡಿ ಹತ್ತರ ಮೇಲೆಯೇ ತೆಗೆಯುವುದು ಅಂತ ಯಾರಾದರೂ ಹೇಳಬಾರದಾ? ಸುಮ್ನೆ ಎರಡು ದೋಸೆ ತಿಂದೆವು, ಅದನ್ನೂ ನೋಡಿ. ಬೆಣ್ಣೆ ಜಾಸ್ತಿ. ಕಾಫಿ ಚೆನ್ನಾಗಿತ್ತು.

ಸರಿ, ಅಂಗಡಿ. ಹೆಸರು ಹೇಳುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ನಾನು ಬಾಗಿಲ ಹತ್ತಿರದ ರ್‍ಯಾಕ್ ಬಿಟ್ಟು ಒಳಗೇ ಹೋಗುತ್ತಿಲ್ಲ, ನೋಡಿ. ಒಂದೇ ದುಪಟ್ಟಾವನ್ನು ನಾಲ್ಕು ಸಲ ಎತ್ತಿ ಇಟ್ಟಿದ್ದೇನೆ. ನಮ್ಮ ಕಡೆ ದುಪಟ್ಟಾ ಯಾರೂ ಅನ್ನಲ್ಲ, ವೇಲ್. ಇವಳು ಮಾತ್ರ ಸೀದಾ ಒಳಗೆ ನುಗ್ಗಿದಳು.

ಈಗ ಬರುವುದನ್ನು ಸೌಂಡ್ ಜೋರು ಮಾಡಿಕೊಂಡು ಕೇಳಿ. ಇವಳು ಹುಟ್ಟಿದಾಗಿನಿಂದ ನನ್ನನ್ನು ಅಣ್ಣ ಅಂದವಳು. ಆರು ತಿಂಗಳಿಂದ ಕಷ್ಟಪಟ್ಟು ಅಕ್ಕ ಅನ್ನುವುದು ಕಲಿತಿದ್ದಾಳೆ. ಆದರೆ ಒಳ್ಳೆ ನೀಲಿ ಬಣ್ಣ ಕಂಡ ಖುಷಿಗೆ ಅಂಗಡಿಯ ಆ ತುದಿಯಿಂದ ‘ಅಣ್ಣಾ! ಇಲ್ಲಿ!’ ಅಂತ ಕೂಗಿಬಿಟ್ಟಳು. ನನ್ನ ಎದೆ ಧಸಕ್ ಅಂತು. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ ಅಂದುಕೊಂಡೆ. ತಿರುಗಿದರು, ಮೂರು ಜನ ಸೇಲ್ಸ್‌ನವರು. ಮೂವರೂ ಒಟ್ಟಿಗೆ ‘ಹೇಳಿ ಮೇಡಂ’ ಅಂತ ಇವಳ ಕಡೆಗೇ ಓಡಿದರು. ಬೆಂಗಳೂರಲ್ಲಿ ಅಂಗಡಿಯವರೆಲ್ಲ ಅಣ್ಣಂದಿರೇ ಅಲ್ವಾ! ಇವಳ ಮುಖ ಕೆಂಪಾಗಿತ್ತು. ಏನಾದರೂ ಕೇಳಲೇಬೇಕಲ್ಲ. ‘ಇದರಲ್ಲಿ ತ್ರಿಬಲ್ ಎಕ್ಸೆಲ್ ಇದ್ಯಾ ಅಣ್ಣ?’ ಅಂದಳು. ನಾನು ಬಾಯಿ ಬಿಟ್ಟು ಕೇಳಲಾರದೆ ನಿಂತಿದ್ದ ಸೈಜು ಹಾಗೆ ಹೊರಗೆ ಬಂತು.

ಸೈಜ್ ಕಥೆ ಬೇಗ ಹೇಳಿಬಿಡುತ್ತೇನೆ. ಕುರ್ತಿಯಲ್ಲಿ ಸಾಮಾನ್ಯವಾಗಿ ಎಲ್ ಅಂದರೆ ಎದೆ ಸುತ್ತಳತೆ 40 ಇಂಚು, ಎಕ್ಸೆಲ್ 42, ಡಬಲ್ 44, ತ್ರಿಬಲ್ 46. ನನಗೆ ಎದೆಗೆ ಎಕ್ಸೆಲ್ ಸಾಕು. ಭುಜಕ್ಕೆ ತ್ರಿಬಲ್ ಬೇಕು. ಪಿಯುಸಿವರೆಗೂ ಕಬಡ್ಡಿ ಆಡಿದ ಭುಜ. ಹಾರ್ಮೋನ್ ಶುರು ಮಾಡಿ ಎಂಟು ತಿಂಗಳಾಯಿತು, ಚರ್ಮ ಮೆತ್ತಗಾಗಿದೆ, ಆದರೆ ಮೂಳೆ ಯಾರ ಮಾತೂ ಕೇಳುವುದಿಲ್ಲ. ತ್ರಿಬಲ್ ಹಾಕಿದರೆ ಸೊಂಟದ ಹತ್ತಿರ ಇನ್ನೊಬ್ಬರು ಬಾಡಿಗೆಗೆ ಇರಬಹುದು, ಅಷ್ಟು ಜಾಗ.

ಈಗ ಕಪ್ಪು ಪರದೆ. ಟ್ರಯಲ್ ರೂಮ್, ಕ್ಯಾಮೆರಾ ಇಲ್ಲ. ಒಳಗೆ ಏನಾಯಿತು ಅಂದರೆ, ಕುರ್ತಿ ತಲೆಯಿಂದ ಇಳಿಯಿತು, ಭುಜದಲ್ಲಿ ನಿಂತಿತು. ಮೇಲೂ ಹೋಗದು, ಕೆಳಗೂ ಬಾರದು. ಎರಡು ಕೈ ಮೇಲೆತ್ತಿಕೊಂಡು, ಮುಖ ಬಟ್ಟೆಯೊಳಗೆ, ಕಂಬದ ಹಾಗೆ ನಿಂತಿದ್ದೆ. ಹೊರಗಿಂದ ಟೋಕನ್ ಕೊಡುವ ಆಂಟಿ ‘ಸೈಡಲ್ಲಿ ಜಿಪ್ ಇದೆ ನೋಡಮ್ಮ’ ಅಂದರು. ಪರದೆ ಆಚೆಯಿಂದ! ನೋಡದೇ! ನನ್ನ ಉಸಿರಾಟ ಕೇಳಿಯೇ ಗೊತ್ತಾಗಿರಬೇಕು. ಕಂಕುಳ ಕೆಳಗೆ, ಹೊಲಿಗೆಯಲ್ಲಿ ಮುಚ್ಚಿಹೋದ ಜಿಪ್ಪು. ಅದನ್ನು ಅಲ್ಲಿ ಬಚ್ಚಿಟ್ಟವರು ಯಾರೋ.

ಒಳಉಡುಪಿನ ಕೌಂಟರ್‌ನಲ್ಲೂ ಶೂಟ್ ಇಲ್ಲ. ಅಲ್ಲಿದ್ದ ಹುಡುಗಿ ನನ್ನನ್ನು ಒಂದು ಸಲ ನೋಡಿ, ಟೇಪ್ ಕೂಡ ಹಿಡಿಯದೆ ಡಬ್ಬ ತೆಗೆದಳು. ಸರಿಯಾಗಿತ್ತು. ಮುಂದಕ್ಕೆ ಹೋಗೋಣ.

ಲೆಗ್ಗಿಂಗ್ಸ್ ಅಂದರೆ ನನಗೆ ಆಗಲ್ಲ. ಕಾಲಿಗೆ ಪಟ್ಟಿ ಕಟ್ಟಿದ ಹಾಗೆ ಇರುತ್ತದೆ, ಬೇಸಿಗೆಯಲ್ಲಿ ಯಾರು ಹಾಕಿಕೊಳ್ಳುತ್ತಾರೆ? ಎರಡು ತಗೊಂಡೆ. ಕಪ್ಪು ಒಂದು, ಮರೂನ್ ಒಂದು.

ಇದು ಪಕ್ಕದ ಸೀರೆ ಅಂಗಡಿ ಗಾಜು. ಒಳಗೆ ಹೋಗಲಿಲ್ಲ, ಸುಮ್ನೆ ನಿಂತೆ. ಸೀರೆಗೆ ಸೈಜೇ ಇಲ್ಲ ನೋಡಿ. ಐದೂವರೆ ಮೀಟರ್, ಯಾರ ಭುಜಕ್ಕಾದರೂ ಆಗುತ್ತದೆ. ಮೋಸ ಎಲ್ಲ ಬ್ಲೌಸಿನಲ್ಲಿ ಇರುವುದು. ಜೋಗತಿ ನೃತ್ಯದ ಕಲಾವಿದೆ, ನನ್ನ ಹಾಗೇ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಅದನ್ನು ನಮ್ಮ ಮನೆಯಲ್ಲಿ ಟಿವಿಯಲ್ಲಿ ನೋಡಿದ್ದೆವು. ಅಪ್ಪ ಚಾನೆಲ್ ಬದಲಾಯಿಸಲು ಹೋದರು. ಅಮ್ಮ ‘ತಡೀರಿ’ ಅಂದರು. ಆಮೇಲೆ ‘ಎಷ್ಟು ನೀಟಾಗಿ ಉಟ್ಟಿದ್ದಾರೆ ನೋಡು’ ಅಂತ ನನಗೆ ತೋರಿಸಿದರು. ಆವಾಗಲೇ ಹೇಳಿಬಿಡೋಣ ಅನ್ನಿಸಿತ್ತು. ಬಾಯಿಗೆ ಬರಲು ಇನ್ನೂ ಎರಡು ವರ್ಷ... ಅಯ್ಯೋ, ಶಾಟ್ ಮುಗಿಯಿತು. ಬಿಲ್ ಕೌಂಟರ್.

ಮೂರು ಕುರ್ತಿ, ತಲಾ 649. ಲೆಗ್ಗಿಂಗ್ಸ್ 250ರಂತೆ ಎರಡು. ಶ್ರಗ್ ಒಂದು, ಕುರ್ತಿ ಮೇಲೆ ಹಾಕುವ ಕೋಟಿನ ಥರದ್ದು, 799. ಒಟ್ಟು 3,246. ಫೋನಲ್ಲಿ ಹಾಕಿದೆ. ಕೌಂಟರಿನವರು ತಮ್ಮ ಫೋನ್ ನೋಡಿ ನನ್ನ ಹಳೆ ಹೆಸರನ್ನು ಜೋರಾಗಿ ಓದಿ ‘ಇದು ಯಾರದು?’ ಅಂದರು. ಇವಳು ಕಣ್ಣು ಮಿಟುಕಿಸದೆ ‘ನಮ್ಮ ಅಣ್ಣಂದು’ ಅಂದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವಳಿಗೆ ಹೊರಗೆ ಐವತ್ತು ರೂಪಾಯಿ ಓಲೆ ಕೊಡಿಸಿದೆ.

ಈಗ ಆ ಶ್ರಗ್ ವಿಷಯಕ್ಕೆ ಬನ್ನಿ. ಇದನ್ನು ಹೇಳದಿದ್ದರೆ ನನಗೆ ಇವತ್ತೂ ನಿದ್ದೆ ಬರಲ್ಲ.

ಮೂರು ಕುರ್ತಿಗೂ ತೋಳಿರಲಿಲ್ಲ. ಸ್ಲೀವ್‌ಲೆಸ್. ಕನ್ನಡಿ ಮುಂದೆ ನನ್ನ ತೋಳನ್ನೇ ಇಪ್ಪತ್ತು ನಿಮಿಷ ನೋಡಿದೆ. ಬಣ್ಣ ಇಷ್ಟ, ಭುಜಕ್ಕೂ ಸರಿಯಾಗಿದೆ, ಆದರೆ ಈ ತೋಳು ಬಿಟ್ಟುಕೊಂಡು ಬಸ್ಸು ಹತ್ತುವುದು ಹೇಗೆ? ಇವಳು ಆಗ ಹೊರಗೆ ಫುಟ್‌ಪಾತಿನಲ್ಲಿ ಕ್ಲಿಪ್ಪು ನೋಡುತ್ತಿದ್ದಳು. ಒಬ್ಬ ಸೇಲ್ಸ್ ಅಣ್ಣ ಬಂದು, ‘ಮೇಲೆ ಶ್ರಗ್ ಹಾಕ್ಕೊಳ್ಳಿ ಮೇಡಂ, ತೋಳು ಕವರ್ ಆಗುತ್ತೆ’ ಅಂದರು. ಎಂಥ ಒಳ್ಳೆ ಮನುಷ್ಯ ಅಂದುಕೊಂಡೆ. ತಗೊಂಡೆ.

ರಾತ್ರಿ ಮನೆಗೆ ಬಂದು ಮಡಚುವಾಗ ಕೈಗೆ ಏನೋ ಪರಪರ ಅಂತು. ಕುರ್ತಿ ಒಳಗಡೆ, ಕೆಳಗಿನ ಅಂಚಿನ ಹತ್ತಿರ, ಸಣ್ಣ ಪ್ಲಾಸ್ಟಿಕ್ ಕವರ್. ಅದರಲ್ಲಿ ಅದೇ ಬಟ್ಟೆಯ ಎರಡು ತುಂಡು, ಮಡಚಿ ಪಿನ್ ಹೊಡೆದಿದ್ದಾರೆ. ಶರ್ಟಿನ ಒಳಗೆ ಹೆಚ್ಚಿಗೆ ಗುಂಡಿ ಹೊಲಿದಿರುತ್ತಾರಲ್ಲ, ಹರಿದರೆ ತೇಪೆ ಹಾಕಲು ಹಾಗೇ ಕೊಟ್ಟಿದ್ದಾರೆ ಅಂದುಕೊಂಡೆ. ಪಾಪ, ಎಷ್ಟು ಕಾಳಜಿ ಅಂತ ಇವಳಿಗೆ ಫೋಟೋ ಕಳಿಸಿದೆ. ಇವಳು ಫೋನ್ ಮಾಡಿ ಐದು ನಿಮಿಷ ಬರೀ ನಕ್ಕಳು. ಅದು ತೋಳು! ತೋಳು ಒಳಗೇ ಇಟ್ಟಿರುತ್ತಾರಂತೆ. ಬೇಕಾದವರು ಟೈಲರ್ ಹತ್ತಿರ ಹಾಕಿಸಿಕೊಳ್ಳಬೇಕಂತೆ. ‘ಎಲ್ಲರಿಗೂ ಗೊತ್ತು ಅಕ್ಕ’ ಅಂದಳು.

ಎಲ್ಲರೂ ಅಂದರೆ ಯಾರು? ಅವಳಿಗೆ ಚಿಕ್ಕಮ್ಮ ಹೇಳಿಕೊಟ್ಟಿದ್ದು, ಏಳನೇ ಕ್ಲಾಸಿನಲ್ಲಿ. ಆ ವಯಸ್ಸಲ್ಲಿ ಅಪ್ಪ ನನಗೆ ಸೈಕಲ್ ಪಂಕ್ಚರ್ ಹಾಕುವುದು ಹೇಳಿಕೊಡುತ್ತಿದ್ದರು. ಅದೂ ಬರಲ್ಲ ನನಗೆ. ಸರಿ, ನನಗೆ ಗೊತ್ತಿಲ್ಲ, ಒಪ್ಪಿದೆ. ಆ ಅಣ್ಣನಿಗೆ ಗೊತ್ತಿರಲಿಲ್ವಾ? ಮೂರು ಜೊತೆ ತೋಳು ಅದೇ ಕವರಿನಲ್ಲಿ ಹಾಕಿಕೊಟ್ಟು, ಮೇಲೆ ತೋಳು ಮುಚ್ಚಲು 799 ತಗೊಂಡಿದ್ದಾರೆ. ವಾಪಸ್ ಕೊಡೋಣ ಅಂದರೆ ಬಿಲ್ಲಿನ ಹಿಂದೆ ‘ಮಾರಿದ ಮಾಲು ವಾಪಸ್ ಇಲ್ಲ’. ಫೋನ್ ಮಾಡಿದೆ, ಎತ್ತಿದವರೂ ಅದನ್ನೇ ಓದಿದರು. 799 ಅಂದರೆ ಇನ್ನೊಂದು ಕುರ್ತಿ ಬಂದು ಮೇಲೆ ದೋಸೆಗೂ ಆಗುತ್ತಿತ್ತು.

ಜೇಬಿನ ಜಗಳ ಮರೆತೆ. ಮೂರು ಕುರ್ತಿಗೂ ಜೇಬಿಲ್ಲ. ಲೆಗ್ಗಿಂಗ್ಸ್‌ಗೂ ಇಲ್ಲ. ಫೋನ್ ಎಲ್ಲಿಡಬೇಕು? ಇಷ್ಟು ಬಟ್ಟೆಯಲ್ಲಿ ನೈಟಿಗೊಂದೇ ಜೇಬು, ಅದನ್ನು ಹಾಕಿಕೊಂಡು ಆಫೀಸಿಗೆ ಹೋಗಲಾಗಲ್ಲ. ತಡೀರಿ, ಇದನ್ನು ವಾಯ್ಸ್ ಕೊಡುತ್ತಾ ಈಗ ಶ್ರಗ್ ಕೈಯಲ್ಲಿ ಹಿಡಿದಿದ್ದೇನೆ. ಇದಕ್ಕೆ ಜೇಬಿದೆ. ಎರಡು! ಫೋನ್ ಪೂರ್ತಿ ಹೋಗುತ್ತದೆ. ಒಳ್ಳೆ ಶ್ರಗ್ಗೇ. ಆದರೂ 799 ಜಾಸ್ತಿ.

ಇದು ಮಾರನೆಯ ದಿನ, ನಮ್ಮ ಬೀದಿಯ ಟೈಲರ್ ಆಂಟಿ ಮನೆ. ಆಂಟಿ ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೆ ಬರೀ ಮಿಷನ್ನು. ನಾನು ಕವರ್ ಇಟ್ಟ ತಕ್ಷಣ ಕೇಳಿದ್ದು, ‘ಅಳತೆಗೆ ಏನು ತಂದಿದ್ದೀಯ?’ ನಮ್ಮಲ್ಲಿ ಎಲ್ಲ ಹೆಂಗಸರ ಹತ್ತಿರ ಒಂದು ಅಳತೆ ಬ್ಲೌಸೋ ಅಳತೆ ಚೂಡಿದಾರೋ ಇರುತ್ತದೆ. ಎಷ್ಟೇ ಹಳೆಯದಾದರೂ ಬಿಸಾಡುವುದಿಲ್ಲ. ಅಮ್ಮನದು ನನಗಿಂತ ಹಿರಿಯದು ಇರಬೇಕು. ನನ್ನ ಹತ್ತಿರ ಎಲ್ಲಿಂದ ಬರಬೇಕು? ‘ಇಲ್ಲ ಆಂಟಿ’ ಅಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಕತ್ತಿಗೆ ನೇತುಹಾಕಿದ್ದ ಟೇಪ್ ತೆಗೆದರು.

ತೋಳಿನ ಸುತ್ತ ಹಿಡಿದು ‘ಬಟ್ಟೆ ಸಾಲಲ್ಲ’ ಅಂದರು. ಬೇಕಾದದ್ದು ಹದಿನಾರು ಇಂಚು, ತುಂಡಿನಲ್ಲಿ ಇರುವುದು ಹದಿನಾಲ್ಕು. ಕಂಕುಳ ಹತ್ತಿರ ಜಾಯಿಂಟ್ ಕೊಟ್ಟು, ಕೈ ಕೆಳಗಿಟ್ಟರೆ ಕಾಣದ ಹಾಗೆ ಮಾಡುತ್ತಾರಂತೆ. ಒಂದು ಜೊತೆ ತೋಳಿಗೆ ನೂರಿಪ್ಪತ್ತು. ಮೂರಕ್ಕೆ 360. ಚೌಕಾಸಿ ಮಾಡಿದೆ, ‘ಹಂಗಿದ್ರೆ ತೋಳು ಸಣ್ಣ ಮಾಡ್ಕೊಂಡು ಬಾ’ ಅಂದರು.

ಆಮೇಲೆ ಉದ್ದನೆ ಪುಸ್ತಕ ತೆಗೆದು, ಕುರ್ತಿಯ ಸಣ್ಣ ಚೂರು ಕತ್ತರಿಸಿ ಹಾಳೆಗೆ ಪಿನ್ ಹೊಡೆದು, ‘ಹೆಸರು?’ ಅಂದರು. ಹೇಳಿದೆ, ನಯನ. ಆಂಟಿ ಪೆನ್ ನಿಲ್ಲಿಸಿ ಹಳೆ ಹಾಳೆ ತಿರುವಿದರು. ‘ಅಯ್ಯೋ, ಆಗಲೇ ಇಬ್ಬರು ನಯನ ಇದ್ದಾರಲ್ಲ, ಬಟ್ಟೆ ಅದಲು ಬದಲು ಆಗುತ್ತೆ.’ ಬರೆದಿದ್ದನ್ನು ಝೂಮ್ ಮಾಡಿದ್ದೇನೆ, ಓದಿ. ನಯನ 3, ದಪ್ಪ ತೋಳು, ಗುರುವಾರ.

ಇವತ್ತು ಗುರುವಾರ. ಈಗ ತಾನೇ ಫೋನ್ ಮಾಡಿದೆ. ತೋಳು ಆಗಿದೆಯಂತೆ, ಹೆಮ್ಮಿಂಗ್ ಆಗಿಲ್ಲವಂತೆ. ಸೋಮವಾರ ಬಾ ಅಂದರು.