ಊರಿನ ರಜೆ, ಪರದೇಶದ ಭಾನುವಾರ

ಎಲ್ಲರಿಗೂ ನಮಸ್ಕಾರ.

ಹೊರದೇಶದಲ್ಲಿ ದುಡಿಯುವವರ ಬದುಕಿನ ಎರಡು ಸಂಗತಿಗಳನ್ನು ಇಂದು ಒಟ್ಟಿಗೆ ಇಟ್ಟು ನೋಡಬೇಕು ಎಂದುಕೊಂಡಿದ್ದೇನೆ. ಒಂದು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹುಟ್ಟೂರಿಗೆ ಹೋಗಿ ಮನೆಯವರನ್ನು ನೋಡಿಕೊಂಡು ಬರುವುದು. ಇನ್ನೊಂದು, ಇರುವ ಊರಿನಲ್ಲೇ ಬಿಡುವಿನ ದಿನ ಹೊರಗೆ ಸುತ್ತಾಡಿ ಬರುವುದು. ಮೊದಲನೆಯದಕ್ಕೆ ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ, ಸಾಲ ಮಾಡಿಯಾದರೂ ಟಿಕೆಟ್ ತೆಗೆಯುತ್ತಾರೆ. ಎರಡನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಇವೆರಡೂ ಒಂದನ್ನೊಂದು ಆತುಕೊಂಡು ನಿಂತಿವೆ. ಊರಿನ ದಾರಿ ತೆರೆದಿದೆ ಎನ್ನುವ ಭರವಸೆ ಇದ್ದರೆ ಮಾತ್ರ ಪರದೇಶದಲ್ಲಿ ನೆಮ್ಮದಿಯಿಂದ ಓಡಾಡಲು ಆಗುತ್ತದೆ. ಅಲ್ಲಿ ಹಾಗೆ ಓಡಾಡಿಕೊಂಡು ಬದುಕಿದವರಿಗೆ ಮಾತ್ರ ಊರಿನ ರಜೆ ಹಗುರವಾಗಿ ಕಳೆಯುತ್ತದೆ.

ಭರವಸೆ ಎಂದೆನಲ್ಲ, ಅದರ ಬಲ ಎಂಥದೆಂದು ತೋರಿಸುವ ಹಳೆಯ ಪ್ರಕರಣವೊಂದಿದೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಊರಿನ ಹಂಬಲವನ್ನು ಒಂದು ಕಾಯಿಲೆ ಎಂದೇ ತನ್ನ ಪ್ರಬಂಧದಲ್ಲಿ ವಿವರಿಸಿದ. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ಯುವಕನೊಬ್ಬ ಹಾಸಿಗೆ ಹಿಡಿದು ಸಾಯುವ ಸ್ಥಿತಿ ತಲುಪಿದ್ದ. ಇವನನ್ನು ಊರಿಗೆ ಕಳಿಸುವುದೇ ಮದ್ದು ಎಂದು ತೀರ್ಮಾನವಾಯಿತು. ಹೊರಡುವ ತಯಾರಿ ಶುರುವಾದದ್ದು ಕಂಡಾಗಲೇ ಅವನ ಉಸಿರಾಟ ಸರಿಯಾಗತೊಡಗಿತು. ಬರ್ನ್ ಮುಟ್ಟುವ ಮೊದಲೇ, ದಾರಿಯಲ್ಲೇ, ಅವನು ಗುಣವಾದ. ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಎನಿಸುವುದು ಈ ಕೊನೆಯ ಸಂಗತಿ. ಅವನು ಇನ್ನೂ ಅಮ್ಮನ ಮುಖ ನೋಡಿರಲಿಲ್ಲ, ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹೋಗಬಹುದು ಎಂದು ಗೊತ್ತಾದದ್ದೇ ಅವನಿಗೆ ಸಾಕಾಯಿತು.

ಆ ದಾರಿ ಮುಚ್ಚಿದಾಗ ಏನಾಗುತ್ತದೆ? ಇದಕ್ಕೆ ಪಶ್ಚಿಮ ಜರ್ಮನಿಯ ಚರಿತ್ರೆಗಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ಯುದ್ಧಾನಂತರ ಅಲ್ಲಿನ ಕಾರ್ಖಾನೆ, ಗಣಿಗಳಿಗೆ ಕೈ ಸಾಲದೆ ಹೊರಗಿನಿಂದ ಕೆಲಸಗಾರರನ್ನು ಕರೆಸಿಕೊಂಡರು. 1955ರಲ್ಲಿ ಇಟಲಿಯೊಡನೆ ಒಪ್ಪಂದವಾಯಿತು, 1961ರ ಅಕ್ಟೋಬರ್ 30ರಂದು ಟರ್ಕಿಯೊಡನೆ. ಇಸ್ತಾಂಬುಲ್‌ನಿಂದ ಹೊರಟ ರೈಲುಗಳು ಮ್ಯೂನಿಕ್ ನಿಲ್ದಾಣದ 11ನೇ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಿದ್ದವು. ಅಲ್ಲಿಂದ ಜನರನ್ನು ಬೇರೆ ಬೇರೆ ಊರುಗಳಿಗೆ ಹಂಚುತ್ತಿದ್ದರು. ಬಂದವರು ಒಂದೆರಡು ವರ್ಷ ದುಡಿದು ವಾಪಸ್ಸು ಹೋಗಲಿ, ಅವರ ಜಾಗಕ್ಕೆ ಬೇರೆಯವರು ಬರಲಿ ಎಂಬುದು ಮೊದಲಿನ ಲೆಕ್ಕಾಚಾರ. ಬಂದವರ ಲೆಕ್ಕಾಚಾರವೂ ಹೆಚ್ಚುಕಡಿಮೆ ಅದೇ ಆಗಿತ್ತು. ಬೇಸಿಗೆ ರಜೆ ಬಂತೆಂದರೆ ಕಾರಿನ ತಲೆಯ ಮೇಲೆ ಗಂಟುಮೂಟೆ ಕಟ್ಟಿ, ಮಕ್ಕಳನ್ನು ಹಿಂದೆ ಕೂರಿಸಿ, ಆಸ್ಟ್ರಿಯಾ, ಯುಗೊಸ್ಲಾವಿಯಾ, ಬಲ್ಗೇರಿಯಾ ದಾಟಿ ಸುಮಾರು 2,000 ಕಿಲೋಮೀಟರ್ ದೂರದ ಟರ್ಕಿಗೆ ಹೊರಡುವುದು ಲಕ್ಷಾಂತರ ಸಂಸಾರಗಳ ವಾಡಿಕೆಯಾಯಿತು. ಇ5 ಎಂಬ ಆ ಹೆದ್ದಾರಿಯಲ್ಲಿ ನಿದ್ದೆಗೆಟ್ಟು ಓಡಿಸಿ ಅಪಘಾತದಲ್ಲಿ ಪ್ರಾಣ ಬಿಟ್ಟವರೂ ಉಂಟು. ಹಾಗಿದ್ದೂ ಮರುವರ್ಷ ಜನ ಮತ್ತೆ ಹೊರಡುತ್ತಿದ್ದರು.

1973ರ ನವೆಂಬರ್‌ನಲ್ಲಿ ಜರ್ಮನಿ ಹೊಸ ನೇಮಕ ನಿಲ್ಲಿಸಿತು. ಪರದೇಶದವರ ಸಂಖ್ಯೆ ತಗ್ಗಲಿ ಎಂಬ ಆಸೆ ಅದರ ಹಿಂದಿತ್ತು. ನಡೆದದ್ದೇ ಬೇರೆ. ಒಮ್ಮೆ ಕೆಲಸ ಬಿಟ್ಟು ಊರು ಸೇರಿದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬ ಭಯಕ್ಕೆ ಟರ್ಕಿಯವರು ಅಲ್ಲೇ ಉಳಿದರು. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಇಟಲಿಯವರಿಗೆ ಈ ಭಯ ಇರಲಿಲ್ಲ. ಅವರ ದೇಶ ಯುರೋಪಿಯನ್ ಆರ್ಥಿಕ ಸಮುದಾಯದಲ್ಲಿ ಇದ್ದುದರಿಂದ ಅವರು ಹೋಗಬಹುದಿತ್ತು, ಬೇಕೆನಿಸಿದಾಗ ಮತ್ತೆ ಬರಬಹುದಿತ್ತು. ಅವರಲ್ಲಿ ಬಹಳ ಜನ ಹಾಗೇ ಹೋಗಿಬಂದು ಮಾಡಿಕೊಂಡಿದ್ದರು. ಅಮೆರಿಕ ಮತ್ತು ಮೆಕ್ಸಿಕೊ ಗಡಿಯಲ್ಲೂ ಇಂಥದೇ ನಡೆದದ್ದನ್ನು ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ತೋರಿಸಿದ್ದಾರೆ. 1986ರ ನಂತರ ಕಾವಲು ಬಿಗಿಯಾದಂತೆ, ಹಂಗಾಮಿಗೆ ಬಂದು ಹಂಗಾಮು ಮುಗಿದ ಮೇಲೆ ಮನೆಗೆ ಮರಳುತ್ತಿದ್ದವರು ಮರಳುವುದನ್ನೇ ಕಡಿಮೆ ಮಾಡಿದರು. ಬಾಗಿಲು ಹಾಕಿದ ಸರ್ಕಾರಗಳು ಹೊರಗಿನವರು ಕಡಿಮೆಯಾಗುತ್ತಾರೆ ಎಂದು ನಂಬಿದ್ದವು. ಕಡಿಮೆಯಾದದ್ದು ಊರಿಗೆ ಹೋಗಿಬರುವುದು. ಅಪ್ಪ ಅಮ್ಮನ ಕೊನೆಗಾಲಕ್ಕೆ ಹೋಗಲಾಗದ ಎಷ್ಟು ಮಕ್ಕಳು ಈ ನೀತಿಗಳ ಹಿಂದಿದ್ದಾರೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು, ಹೋದ ಮೇಲಿನ ಮಾತು. ಊರು ತಲುಪಿದ ಕೂಡಲೇ ಎದುರಾದವರೆಲ್ಲ ಕೇಳುವುದು ಎರಡೇ ಪ್ರಶ್ನೆ: ಯಾವಾಗ ಬಂದದ್ದು, ಯಾವಾಗ ವಾಪಸ್ಸು? ಮೊದಲ ಕೆಲವು ದಿನ ಸಂಭ್ರಮ. ಆಮೇಲೆ ಮನೆ ತನ್ನ ದಿನಚರಿಗೆ ಮರಳುತ್ತದೆ. ತಮ್ಮ ಕೆಲಸಕ್ಕೆ ಹೋಗುತ್ತಾನೆ, ಅತ್ತಿಗೆಗೆ ಅವಳದೇ ನೂರು ತಾಪತ್ರಯ, ಮಕ್ಕಳಿಗೆ ಪರೀಕ್ಷೆ. ಬಂದವರ ಹತ್ತಿರ ಮಾತ್ರ ಕೆಲಸವಿಲ್ಲದ ಹಗಲುಗಳು ಉಳಿಯುತ್ತವೆ. ತನ್ನ ಕೋಣೆಯಲ್ಲಿ ಬೇರೆ ಯಾರದೋ ಸಾಮಾನು ಇರುತ್ತದೆ. ತಾನಿಲ್ಲದಾಗ ತೀರ್ಮಾನವಾದ ಸಂಗತಿಗಳು ಮಾತಿನ ನಡುವೆ ಒಂದೊಂದಾಗಿ ಹೊರಬರುತ್ತವೆ.

ಇದನ್ನು ಬಹಳ ಚೆನ್ನಾಗಿ ಕಂಡವರು ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಸ್. ವಿಯೆನ್ನಾದವರು, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು 1939ರಲ್ಲಿ ನ್ಯೂಯಾರ್ಕ್ ಸೇರಿದವರು. ಯುದ್ಧದಿಂದ ಮರಳುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು 1945ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಹೊಸ ಊರಿಗೆ ಹೋಗುವವನಿಗೆ ಅಲ್ಲಿ ಎಲ್ಲವೂ ಅಪರಿಚಿತ ಎಂದು ಮೊದಲೇ ಗೊತ್ತಿರುತ್ತದೆ, ಮನಸ್ಸು ಗಟ್ಟಿಮಾಡಿಕೊಂಡೇ ಹೋಗುತ್ತಾನೆ. ಮನೆಗೆ ಮರಳುವವನು ತನಗೆ ಎಲ್ಲ ಗೊತ್ತು ಎಂದುಕೊಂಡು ಬರುತ್ತಾನೆ. ಅದಕ್ಕೇ ಅವನಿಗೆ ಪೆಟ್ಟು ಹೆಚ್ಚು. ದೂರ ಇದ್ದಷ್ಟು ದಿನ ಅವನೂ ಬದಲಾಗಿದ್ದಾನೆ, ಮನೆಯವರೂ ಬದಲಾಗಿದ್ದಾರೆ. ಒಬ್ಬರ ಬದಲಾವಣೆ ಇನ್ನೊಬ್ಬರ ಕಣ್ಣೆದುರು ನಡೆದಿಲ್ಲ. ಈಗ ದಿನವೂ ವಿಡಿಯೊ ಕಾಲ್ ಇದೆಯಲ್ಲ ಎಂದು ನೀವು ಕೇಳಬಹುದು. ಕಾಲ್‌ನಲ್ಲಿ ಆರೋಗ್ಯ, ದುಡ್ಡು, ಸುದ್ದಿ ಎಲ್ಲ ತಿಳಿಯುತ್ತದೆ. ಆದರೆ ಅಪ್ಪ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ ಎಂಬುದು ಎದುರಿಗಿದ್ದಾಗಲೇ ಕಾಣುವುದು.

ಈಗ ಭಾನುವಾರಕ್ಕೆ ಬರೋಣ. ಆಗ ಹೇಳಿದ ಜರ್ಮನಿಯ ಕೆಲಸಗಾರರು ವಾರದ ರಜೆಯಲ್ಲಿ ಎಲ್ಲಿಗೆ ಹೋಗುತ್ತಿದ್ದರು ಗೊತ್ತೇ? ರೈಲು ನಿಲ್ದಾಣಕ್ಕೆ. ಹಾಸ್ಟೆಲಿನ ಇಕ್ಕಟ್ಟಿನಿಂದ ಹೊರಬಂದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ನಗರದ ದೊಡ್ಡ ನಿಲ್ದಾಣದಲ್ಲಿ ಸೇರುತ್ತಿದ್ದರು. ಊರ ಕಡೆಯವರು ಸಿಗುತ್ತಿದ್ದರು, ತಮ್ಮ ಭಾಷೆ ಕಿವಿಗೆ ಬೀಳುತ್ತಿತ್ತು, ಬೇಕಾದರೆ ಊರಿನ ರೈಲು ಹೊರಡುವುದನ್ನೂ ನೋಡಬಹುದಿತ್ತು. ಅವರ ಬಗ್ಗೆ ನನಗೆ ಅಪಾರ ಪ್ರೀತಿ ಇದೆ. ಆದರೂ ಒಂದು ಮಾತು ಹೇಳಲೇಬೇಕು. ನಿಲ್ದಾಣ ದಾಟಿ ಆಚೆ ಹೋಗಿ ನದಿ ದಂಡೆಯಲ್ಲಿ, ಪೇಟೆಯಲ್ಲಿ, ಪಾರ್ಕಿನಲ್ಲಿ ನಡೆದಾಡಲು ಅವರಿಗೆ ಧೈರ್ಯ ಕೊಡುವವರು ಯಾರಾದರೂ ಇದ್ದಿದ್ದರೆ ಆ ವರ್ಷಗಳು ಬರೀ ಕಾಯುವುದರಲ್ಲಿ ಕಳೆಯುತ್ತಿರಲಿಲ್ಲ.

ಹಾಂಕಾಂಗ್‌ನ ಮನೆಗೆಲಸದ ಹೆಣ್ಣುಮಕ್ಕಳು ಆ ಧೈರ್ಯ ಮಾಡಿದರು. ಭಾನುವಾರ ಬಂತೆಂದರೆ ಫಿಲಿಪ್ಪೀನ್ಸ್‌ನಿಂದ ಬಂದವರು ಸೆಂಟ್ರಲ್ ಎಂಬ ಬ್ಯಾಂಕುಗಳ ವಠಾರದಲ್ಲಿ ಸೇರುತ್ತಾರೆ. ವಾಹನ ಸಂಚಾರ ನಿಲ್ಲಿಸಿದ ಚಾಟರ್ ರಸ್ತೆಯಲ್ಲಿ, ಎಚ್‌ಎಸ್‌ಬಿಸಿ ಕಟ್ಟಡದ ಕೆಳಗಿನ ಬಯಲಿನಲ್ಲಿ ರಟ್ಟು ಹಾಸಿ ಕೂರುತ್ತಾರೆ. ತಲೆ ಬಾಚಿಕೊಡುತ್ತಾರೆ, ಕುಣಿತ ಕಲಿಯುತ್ತಾರೆ, ಊರಿಗೆ ಕಳಿಸುವ ಪೆಟ್ಟಿಗೆ ತುಂಬುತ್ತಾರೆ, ಕೆಲವೊಮ್ಮೆ ತಮ್ಮ ಹಕ್ಕಿಗಾಗಿ ಮೆರವಣಿಗೆಯನ್ನೂ ತೆಗೆಯುತ್ತಾರೆ. ಇಂಡೋನೇಷ್ಯಾದವರು ವಿಕ್ಟೋರಿಯಾ ಪಾರ್ಕಿನಲ್ಲಿ ಸೇರುತ್ತಾರೆ. ವಾರವಿಡೀ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಇರುವವರು ಆ ಒಂದು ದಿನ ನಗರದ ನಟ್ಟನಡುವೆ ಕೂರುತ್ತಾರೆ. ಅದನ್ನು ಗದ್ದಲ ಎಂದು ಗೊಣಗುವವರಿದ್ದಾರೆ. ನಾನು ಅದನ್ನು ಬಹಳ ದೊಡ್ಡ ಸಾಧನೆ ಎನ್ನುತ್ತೇನೆ. ಸಿಂಗಪುರದಲ್ಲಿ ಇಂಥವರಿಗೆ ವಾರಕ್ಕೊಂದು ರಜೆ ಕಾನೂನಾಗಿ ಬಂದದ್ದು 2013ರಲ್ಲಿ. ರಜೆಯ ಬದಲು ದುಡ್ಡು ಕೊಟ್ಟು ಕೆಲಸ ಮಾಡಿಸುವುದು ಆಮೇಲೂ ನಡೆದಿತ್ತು. ತಿಂಗಳಿಗೆ ಒಂದು ದಿನವನ್ನಾದರೂ ಹಾಗೆ ಕೊಂಡುಕೊಳ್ಳುವಂತಿಲ್ಲ ಎಂದು 2023ರಲ್ಲಿ ನಿಯಮವಾಯಿತು.

ನಾನು ಮೊದಲು ಹೇಳಿದ ಎರಡು ಸಂಗತಿಗಳೂ ಒಂದೇ ಕಡೆ ಸಿಗುವ ಒಂದು ದಾಖಲೆ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆ, ಮನೆಗೆಲಸದವರಿಗಾಗಿ ಮಾಡಿದ್ದು. ಅದರ 9ನೇ ವಿಧಿ ಓದಿ. ಬಿಡುವಿನ ವೇಳೆಯಲ್ಲಿ, ರಜೆಯಲ್ಲಿ, ಕೆಲಸದವರು ಆ ಮನೆಯಲ್ಲೇ ಇರಬೇಕೆಂದು ಕಟ್ಟುಪಾಡು ಮಾಡುವಂತಿಲ್ಲ. ಅವರ ಪಾಸ್‌ಪೋರ್ಟ್ ಅವರ ಕೈಯಲ್ಲೇ ಇರಬೇಕು. ಎರಡೂ ಒಂದೇ ವಿಧಿಯಲ್ಲಿವೆ: ಹೊರಗೆ ಓಡಾಡುವ ಹಕ್ಕು, ಊರಿಗೆ ಹೊರಡುವ ಹಕ್ಕು. ಕತಾರ್‌ನಲ್ಲಿ ದೇಶ ಬಿಟ್ಟು ಹೊರಡಲು ಮಾಲೀಕರ ಒಪ್ಪಿಗೆ ಬೇಕು ಎಂಬ ನಿಯಮ ಬಹುತೇಕ ಕೆಲಸಗಾರರಿಗೆ ತೆಗೆದುಹಾಕಿದ್ದು 2018ರಲ್ಲಿ. ಮನೆಗೆಲಸದವರಿಗೆ ಅದು 2020ರ ತನಕ ಕಾಯಿತು.

ಪಾಸ್‌ಪೋರ್ಟ್ ಕೈಯಲ್ಲೇ ಇರುವ, ಯಾರೂ ತಡೆಯದ ನಮ್ಮಂಥವರ ವಿಷಯವೇ ಬೇರೆ. ನಮ್ಮನ್ನು ತಡೆಯುವವರು ನಾವೇ. ಊರಿನ ರಜೆಗೆಂದು ದುಡ್ಡು ಉಳಿಸಬೇಕು, ರಜೆಯ ದಿನ ಉಳಿಸಬೇಕು ಎಂದು ಇರುವ ಊರಿನ ಎಲ್ಲ ಭಾನುವಾರಗಳನ್ನೂ ಕೋಣೆಯಲ್ಲೇ ಕಳೆಯುತ್ತೇವೆ. ಹಾಗೆ ಮಾಡಿದಾಗ ವರ್ಷದ ಎಲ್ಲ ಆಸೆಯ ಭಾರ ಆ ಕೆಲವೇ ವಾರಗಳ ಮೇಲೆ ಬೀಳುತ್ತದೆ. ಮನೆಯವರು ಅಷ್ಟನ್ನೂ ತುಂಬಿಕೊಡಬೇಕಾಗುತ್ತದೆ. ಯಾವ ಮನೆಯಿಂದಲೂ ಅದು ಆಗದ ಕೆಲಸ. ಇನ್ನೂ ಒಂದಿದೆ. ಅಲ್ಲಿ ಹೇಗಿದೆ ಎಂದು ಅಮ್ಮ ಕೇಳಿದಾಗ, ಕೆಲಸ, ಕೋಣೆ, ಚಳಿ ಎಂಬ ಮೂರು ಮಾತಿಗೆ ಉತ್ತರ ಮುಗಿದುಹೋಗುತ್ತದೆ. ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಬಂದವರಿಗೆ, ಕೆರೆಯ ಸುತ್ತ ನಡೆಯುವಾಗ ದಿನವೂ ಸಿಗುವ ಮುದುಕರ ಪರಿಚಯ ಮಾಡಿಕೊಂಡವರಿಗೆ ಹೇಳಲು ಕಥೆ ಇರುತ್ತದೆ. ಅವರು ಊರಿನ ಕಥೆಯನ್ನೂ ಸಾವಧಾನವಾಗಿ ಕೇಳಿಸಿಕೊಳ್ಳುತ್ತಾರೆ.

ಆದ್ದರಿಂದ ಹೊರಡಲಿರುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ: ಮೊದಲ ಸಂಬಳದಲ್ಲಿ ಊರಿನ ಟಿಕೆಟ್ಟಿಗೆ ಎತ್ತಿಡುವಾಗಲೇ ಸುತ್ತಾಟಕ್ಕೂ ಒಂದಿಷ್ಟು ಎತ್ತಿಡಿ. ಅಪ್ಪ ಅಮ್ಮ ನಿಮ್ಮಲ್ಲಿಗೆ ಬಂದರೆ ಹೆಸರಾಂತ ಜಾಗಗಳಿಗೆ ಓಡಾಡಿಸಿ ಅವರನ್ನು ದಣಿಸಬೇಡಿ. ನೀವು ಪ್ರತಿ ವಾರ ಕೂರುವ ಬೆಂಚಿಗೆ ಕರೆದುಕೊಂಡು ಹೋಗಿ, ಅಲ್ಲಿ ನಿಮ್ಮನ್ನು ಗುರುತಿಸಿ ಮಾತಾಡಿಸುವವರಿಗೆ ಪರಿಚಯ ಮಾಡಿಕೊಡಿ. ಮಗಳನ್ನು ಇಲ್ಲಿ ಬಲ್ಲವರು ಇದ್ದಾರೆ ಎಂದು ಅವರಿಗೆ ಗೊತ್ತಾಗಲಿ. ಮತ್ತು ಈ ಸಭೆಯಲ್ಲಿ ದೂರದ ಊರಿನವರನ್ನು ಮನೆಗೆಲಸಕ್ಕೆ ಇಟ್ಟುಕೊಂಡವರು ಇದ್ದರೆ, ಅವರ ವಾರದ ರಜೆ ಯಾವ ದಿನ ಎಂದು ಇವತ್ತೇ ಅವರೊಡನೆ ಕೂತು ಗೊತ್ತುಮಾಡಿ.