ಸ್ಟಾಪಿನಲ್ಲಿ ನಿಂತವರ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬಸ್ ಸರ್ವೀಸ್ ಹೇಗಿದೆ ಅಂತ ಕೇಳಿದರೆ, ಬಸ್ ಓಡಿಸುವ ನಾವು ತಕ್ಷಣ ಡಿಪೋ ಲೆಕ್ಕ ತೆಗೆಯುತ್ತೇವೆ. ಇಷ್ಟು ಟ್ರಿಪ್ ಓಡಿತು, ಇಷ್ಟು ರದ್ದಾಯಿತು. ಆ ಲೆಕ್ಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ಸ್ಟಾಪಿನಲ್ಲಿ ನಿಂತವರ ಲೆಕ್ಕ ಬೇರೆಯೇ ಇರುತ್ತದೆ.

20 ನಿಮಿಷಕ್ಕೊಂದು ಬಸ್ ಇದೆ ಅಂದುಕೊಳ್ಳಿ. ಗಡಿಯಾರ ನೋಡದೆ ಬಂದವರು ಸರಾಸರಿ 10 ನಿಮಿಷ ಕಾಯುತ್ತಾರೆ. ಅದೇ ಬಸ್ಸುಗಳು 40 ನಿಮಿಷಕ್ಕೊಮ್ಮೆ ಎರಡೆರಡಾಗಿ ಒಟ್ಟಿಗೆ ಬಂದರೆ? ಬಸ್ಸು ಅಷ್ಟೇ, ಡೀಸೆಲ್ ಅಷ್ಟೇ, ಡ್ಯೂಟಿ ಅಷ್ಟೇ. ಕಾಯುವುದು ಮಾತ್ರ 20 ನಿಮಿಷ. ಡಿಪೋ ಪುಸ್ತಕದಲ್ಲಿ ಒಂದು ಟ್ರಿಪ್ಪೂ ತಪ್ಪಿರುವುದಿಲ್ಲ!

ಹೀಗೆ ಒಟ್ಟಿಗೆ ಬರುವುದು ಡ್ರೈವರ್ ತಪ್ಪಲ್ಲ. ಮುಂದೆ ಹೋಗುತ್ತಿರುವ ಬಸ್ ಸ್ವಲ್ಪ ತಡವಾದರೆ ಸ್ಟಾಪಿನಲ್ಲಿ ಜನ ಜಾಸ್ತಿ ಸೇರುತ್ತಾರೆ. ಅವರು ಹತ್ತುವಷ್ಟರಲ್ಲಿ ಇನ್ನಷ್ಟು ತಡ. ಅದರ ಹಿಂದೆ ಬರುವ ಬಸ್ಸಿಗೆ ಹೆಚ್ಚು ಜನ ಸಿಗುವುದಿಲ್ಲ, ಓಡಿ ಬಂದು ಮುಂದಿರುವುದನ್ನು ಹಿಡಿದುಬಿಡುತ್ತದೆ. ಇದನ್ನು ಸಂಶೋಧಕರಾದ ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೀ ಪಾಟ್ಸ್ 1964ರಲ್ಲೇ ಗಣಿತದ ಮೂಲಕ ತೋರಿಸಿದ್ದರು. ಡ್ರೈವರಿಗೆ ಮೆಮೊ ಕೊಟ್ಟರೆ ಇದು ಸರಿಹೋಗುತ್ತದಾ? ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ರನ್ನಿಂಗ್ ಟೈಮ್, ಅಂದರೆ ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿಗೆ ಓಡುವ ಸಮಯ, ಕೊಡಬೇಕು. ಕೊನೆಯ ಸ್ಟಾಪಿನಲ್ಲಿ ನಾಲ್ಕು ನಿಮಿಷ ಬಿಡುವು ಇಟ್ಟರೆ ಈ ಟ್ರಿಪ್ಪಿನ ಸಣ್ಣಪುಟ್ಟ ತಡ ಮುಂದಿನ ಟ್ರಿಪ್ಪಿಗೆ ಅಂಟುವುದಿಲ್ಲ. ಡ್ರೈವರಿಗೂ ನೀರು ಕುಡಿಯುವಷ್ಟು ಹೊತ್ತು ಸಿಗುತ್ತದೆ. ಅದೂ ಸರ್ವೀಸೇ ಅಲ್ವಾ?

ದೂರದ ಊರುಗಳ ರೂಟಿನಲ್ಲಿ ಇನ್ನೊಂದು ಮಾತು. ತಡ ಕೆಟ್ಟದ್ದೇ. ಆದರೆ ನನ್ನ ಪ್ರಕಾರ ಟೈಮಿಗೆ ಮೊದಲೇ ಹೊರಡುವುದು ಅದಕ್ಕಿಂತ ದೊಡ್ಡ ತಪ್ಪು. ಗಂಟೆಗೊಂದೇ ಬಸ್ ಇರುವ ಕಡೆ ಎರಡು ನಿಮಿಷ ತಡವಾದರೆ ಜನ ಎರಡು ನಿಮಿಷ ಕಾಯುತ್ತಾರೆ. ಎರಡು ನಿಮಿಷ ಮೊದಲು ಹೊರಟರೆ, ಸರಿಯಾದ ಟೈಮಿಗೆ ಬಂದವರು ಒಂದು ಗಂಟೆ ಕಾಯಬೇಕು. ಚೀಲ ಹಿಡಿದು ಓಡಿ ಬಂದವರು ಬಸ್ಸಿನ ಹಿಂದಿನ ಕೆಂಪು ದೀಪ ನೋಡುತ್ತಾ ನಿಲ್ಲುವುದನ್ನು ನಾನು ಕಂಡಿದ್ದೇನೆ. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ. ಅದು ಕೊನೆ ಬಸ್ಸಾಗಿದ್ದರೆ ಅವರು ರಾತ್ರಿ ಎಲ್ಲಿಗೆ ಹೋಗಬೇಕಿತ್ತು?

ಯುರೋಪಿನಲ್ಲಿ 2002ರಲ್ಲಿ ಸಾರ್ವಜನಿಕ ಸಾರಿಗೆಯ ಗುಣಮಟ್ಟಕ್ಕೆ ಇಎನ್ 13816 ಎಂಬ ಮಾನದಂಡ ಬಂತು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಚಾರ. ಪ್ರಯಾಣಿಕರು ಬಯಸಿದ್ದು, ಕಂಪನಿ ಗುರಿ ಇಟ್ಟದ್ದು, ನಿಜಕ್ಕೂ ಕೊಟ್ಟದ್ದು, ಪ್ರಯಾಣಿಕರಿಗೆ ಅನಿಸಿದ್ದು. ಇವು ನಾಲ್ಕೂ ಬೇರೆ ಬೇರೆ. ನಾವು ಸುಮ್ನೆ ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ಫೈಲ್ ಮುಚ್ಚುತ್ತೇವೆ.

ಸೀಟು, ಸ್ವಚ್ಛತೆ, ಮಾತಿನ ಮರ್ಯಾದೆ ಎಲ್ಲವೂ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಬಸ್ ಕೆಟ್ಟು ನಿಂತಾಗ ಸ್ಟಾಪಿನಲ್ಲಿರುವವರಿಗೆ ಯಾರು ಹೇಳಬೇಕು ಅನ್ನುವುದು ಎಷ್ಟೋ ಕಡೆ ಯಾರ ಡ್ಯೂಟಿಯೂ ಆಗಿರುವುದಿಲ್ಲ. ಕಂಟ್ರೋಲ್ ರೂಮಿಗೆ ಗೊತ್ತು, ಡಿಪೋಗೆ ಗೊತ್ತು, ಕಾಯುವವರಿಗೆ ಮಾತ್ರ ಗೊತ್ತಿಲ್ಲ. ಮೊದಲು ಆ ಕೆಲಸಕ್ಕೆ ಪ್ರತಿ ಶಿಫ್ಟಿನಲ್ಲೂ ಒಬ್ಬರ ಹೆಸರು ಬರೆಯಿರಿ.