ಮನೆಯೇ ಅಂಗಡಿಯಾದರೆ

ಶನಿವಾರ ಬೆಳಿಗ್ಗೆ, ಕೊಡಗಿನ ನಮ್ಮ ಹೋಂಸ್ಟೇ ಅಡುಗೆಮನೆ. ಒಲೆ ಮೇಲೆ ಪಂದಿ ಕರಿ (ಹಂದಿ ಮಾಂಸದ ಸಾರು), ಪಕ್ಕದಲ್ಲಿ ಅಕ್ಕಿಯ ಉಂಡೆ ಕಡಂಬುಟ್ಟು. ಕ್ಯಾಮೆರಾದಲ್ಲಿ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಬೇರೆ ವ್ಯಾಪಾರದವರು ರಾತ್ರಿ ಶಟರ್ ಎಳೆದು ಮನೆಗೆ ಹೋಗುತ್ತಾರೆ. ನಮಗೆ ಮನೆಯೇ ಅಂಗಡಿ. ಬಿಸಿನೀರು ಬರುತ್ತಿಲ್ಲ ಅಂತ ಅತಿಥಿಗಳು ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುತ್ತಾರೆ. ನಿದ್ದೆಗಣ್ಣಲ್ಲೇ ನಗಬೇಕು. ಇಲ್ಲದಿದ್ದರೆ ರಿವ್ಯೂನಲ್ಲಿ ಸ್ಟಾರ್ ಕಮ್ಮಿ. ಅತ್ತೆಗೆ ಹುಷಾರಿಲ್ಲದ ದಿನವೂ "ಬನ್ನಿ ಬನ್ನಿ, ಕಾಫಿ ಕುಡೀರಿ" ಅನ್ನಬೇಕು. ಮೈ ಸುಸ್ತು ಮಲಗಿದರೆ ಹೋಗುತ್ತದೆ. ಈ ನಗುವಿನ ಸುಸ್ತು ಹೋಗುವುದಿಲ್ಲ. ಬರುಬರುತ್ತಾ ಗೇಟಿನ ಹತ್ತಿರ ಕಾರಿನ ಸದ್ದು ಕೇಳಿದರೇ ಸಿಟ್ಟು ಬರುತ್ತದೆ. ಬಂದವರು ಒಳ್ಳೆಯವರೇ, ದುಡ್ಡು ಕೊಡುವವರೇ. ಆದರೂ ಸಿಟ್ಟು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಶಕ್ತಿಯೆಲ್ಲ ಬಸಿದುಹೋದ ದಣಿವು, ಮಾಡುವ ಕೆಲಸದ ಮೇಲೇ ಬೇಸರ, ಏನು ಮಾಡಿದರೂ ಸರಿಯಾಗುತ್ತಿಲ್ಲ ಅನ್ನಿಸುವುದು. ಕಾಯಿಲೆ ಅಂತ ಕರೆದಿಲ್ಲ, ಕೆಲಸದ ಒತ್ತಡ ಕೈಮೀರಿದಾಗ ಹೀಗಾಗುತ್ತದೆ ಅಂದಿದ್ದಾರೆ. ನೌಕರಿಯಲ್ಲಿದ್ದರೆ ಮ್ಯಾನೇಜರ್‌ನಾದರೂ ಬೈದುಕೊಳ್ಳಬಹುದು. ಇಲ್ಲಿ ಮ್ಯಾನೇಜರೂ ನಾನೇ!

ಮಳೆಗಾಲದಲ್ಲಿ ರೆಸ್ಟ್ ಸಿಗುತ್ತಲ್ಲ ಅಂತ ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. ರೂಮು ಖಾಲಿ ಇರುತ್ತದೆ, ನಿಜ. ಆದರೆ ಶಾಲೆಗೆ ಕೊಡುವ ಹಾಗೆ ಬ್ಯಾಂಕಿನ ಕಂತಿಗೆ ಯಾರೂ ಮಳೆ ರಜೆ ಕೊಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಬುಕಿಂಗ್ ಎಲ್ಲ ರದ್ದಾಯಿತು. ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಲಾಕ್‌ಡೌನ್. ಈಗಲೂ ರಾತ್ರಿ ಮಳೆ ಜೋರಾದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ದೀಪ ಆರುವುದಿಲ್ಲ. "ತೋಟ ಇದೆಯಲ್ಲ, ನಿಮಗೇನು ಚಿಂತೆ" ಅನ್ನುವವರಿಗೆ ಇದನ್ನು ಹೇಗೆ ವಿವರಿಸುವುದು?

ಮಂಗಳವಾರ, ಬುಧವಾರ ನಾನೀಗ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಆದಾಯಕ್ಕೆ ಪೆಟ್ಟು ಬಿದ್ದಿದೆ, ಸುಳ್ಳು ಯಾಕೆ ಹೇಳಲಿ. ರಾತ್ರಿ ಒಂಬತ್ತರ ಮೇಲೆ ಫೋನ್ ನಮ್ಮ ಯಜಮಾನರ ಕೈಲಿ. ಸುಮ್ನೆ ಯೋಗ ಮಾಡಿ ಅನ್ನುವ ಸಲಹೆ ನನಗೆ ಅಷ್ಟು ಹಿಡಿಸಲಿಲ್ಲ. ಯೋಗಕ್ಕೂ ಬಿಡುವು ಬೇಕಲ್ಲ!

ಇನ್ನು ಯಾರ ಹತ್ತಿರವೂ ಹೇಳಿಕೊಳ್ಳಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮಂಥ ಸಣ್ಣ ಊರಿನವರಿಗೆ ಇನ್ನೊಂದು ಲಾಭವೂ ಇದೆ. ಆ ಕಡೆ ಫೋನ್ ಎತ್ತಿದವರಿಗೆ ನಾವು ಯಾರ ಮನೆ ಸೊಸೆ ಅಂತ ಗೊತ್ತಿರುವುದಿಲ್ಲ.